ಕೈ ಕೊಡುವ ಕೋಣೆ

ಬಾಗಿಲ ಮೇಲಿನ ಬೋರ್ಡು ನೋಡಿ
ವಾರಕ್ಕೊಬ್ಬರಾದರೂ ಒಳಗೆ ತಲೆ ಹಾಕುತ್ತಾರೆ:
ಇಲ್ಲಿ ಕೆಲಸ ಕೊಡುತ್ತಾರಂತೆ, ಹೌದಾ?
ಮೊನ್ನೆ ಐಟಿಐ ಹುಡುಗನೊಬ್ಬ
ಮಾರ್ಕ್ಸ್‌ಕಾರ್ಡಿನ ಜೆರಾಕ್ಸು ಸಮೇತ ಬಂದಿದ್ದ.
ಕೆಲಸ ಅಲ್ಲ ಮಾರಾಯ, ಇಲ್ಲಿ ಕೈ ಕೊಡುವುದು ಎಂದೆ.
ಅವನು ನಕ್ಕ. ಅದನ್ನು ಎಲ್ಲರೂ ಕೊಡುತ್ತಾರೆ ಮೇಡಂ.

ಅವ್ವಮ್ಮ ನಗಲಿಲ್ಲ.
ಕಸಬಾ ಬೆಂಗ್ರೆಯಿಂದ ದೋಣಿ, ಬಂದರಿನಿಂದ ರಿಕ್ಷಾ,
ತಂಗಿಯ ಮಗನ ಹೆಗಲಿಗೆ ಜೋತು ಬಂದವಳು
ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು,
ಯಾರದೋ ಮಗುವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡ ಹಾಗೆ.
ಮೇಜಿನ ಮೇಲಿನ ಮಣಿ, ಗೂಟ, ಬಣ್ಣದ ಕೋನು ನೋಡಿ
ನನಗೆ ಟೀಚರ್ ಎಂದು ಹೆಸರಿಟ್ಟಳು.

ಫಾರ್ಮಿನಲ್ಲಿ ಏಳನೆಯ ಕಾಲಂ, ಉದ್ಯೋಗ.
ಎಂತ ಬರೆಯಲಿ?
ಎಂತದೂ ಇಲ್ಲ, ಮನೆಯಲ್ಲೇ.
ಮನೆಯಲ್ಲಿ?
ಬೀಡಿ.

ನನ್ನ ಪುಸ್ತಕಗಳಲ್ಲಿ ಆ ಪದ ದೊಡ್ಡದು.
ಎದ್ದಲ್ಲಿಂದ ಮಲಗುವವರೆಗೆ ಮಾಡುವುದೆಲ್ಲ ಅದರೊಳಗೆ:
ಹಲ್ಲುಜ್ಜುವುದು, ಗಂಜಿ ಬಸಿಯುವುದು,
ನೆರೆಮನೆಯ ಜಗಳಕ್ಕೆ ಕಿವಿಗೊಡುವುದು.
ಮೂರು ವೃತ್ತ ಬರೆಯುತ್ತಾರೆ, ವ್ಯಕ್ತಿ, ಪರಿಸರ, ಕೆಲಸ;
ಮೂರೂ ಒಂದರ ಮೇಲೊಂದು ಬಿದ್ದಲ್ಲಿ ಬದುಕು ಸಲೀಸು.
ಪರೀಕ್ಷೆಯಲ್ಲಿ ಬಳೆಯಿಟ್ಟು ಎಳೆದಿದ್ದೆ,
ಹತ್ತಕ್ಕೆ ಎಂಟು ಸಿಕ್ಕಿತ್ತು.

ಮಣಿ ಪೋಣಿಸಿ ಎಂದರೆ ಅವ್ವಮ್ಮ ಬೇಡ ಎಂದಳು, ಮಕ್ಕಳಾಟ.
ಸರಿ, ಮನಸ್ಸಿಲ್ಲದ ಕೈ ಏಳದು, ಅದೂ ಪುಸ್ತಕದಲ್ಲಿದೆ.
ಮರುವಾರ ಬ್ರಾಂಚಿನಿಂದ ಎಲೆ ತರಿಸಿದೆ,
ರಾತ್ರಿ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ.
ತಡ್ಪೆ, ಕತ್ತರಿ, ನೂಲು, ಅಳತೆಯ ತಗಡು.
ಹೊಗೆಸೊಪ್ಪು ಕೂಡದು ಎಂದರು ಮೇಲಿನವರು; ಬದಲಿಗೆ ಚಹಾಪುಡಿ.
ನನ್ನ ಜಾಣತನವನ್ನು ನಾನೇ ಮೆಚ್ಚುತ್ತ ಮುಂದಿಟ್ಟೆ.

ಅವಳು ತುಂಬ ಹೊತ್ತು ನೋಡಿದಳು.
ಒಂಬತ್ತು ವರ್ಷಕ್ಕೆ ಮಡಿಲಿಗೆ ಬಿದ್ದದ್ದು ಟೀಚರೇ ಈ ತಡ್ಪೆ,
ನನ್ನನ್ನು ಯಾರು ಕೇಳಿದರು?
ಮದುವೆಯ ದಿನ ಬೆಳಿಗ್ಗೆಯೂ ಇನ್ನೂರು ಕಟ್ಟಿದ್ದೆ.
ಈ ಕೈ ಬಿದ್ದ ದಿನ, ಹೇಳಬಾರದು,
ಒಂದು ಗಳಿಗೆ, ರಜೆ ಸಿಕ್ಕಿತು ಅಂತ ಅನ್ನಿಸಿತು.

ಕೋಣೆಯಲ್ಲಿ ಚಹಾಪುಡಿಯ ವಾಸನೆ.
ಮತ್ತೆ ಎಂತ ಬೇಕು ನಿಮಗೆ?
ದೋಣಿಯಲ್ಲಿ ಕೂತುಕೊಳ್ಳಬೇಕು.
ಎಲ್ಲಿಗೆ ಹೋಗಲು?
ಎಲ್ಲಿಗೂ ಅಲ್ಲ. ಆಚೆ ಹೋಗಿ ಈಚೆ ಬರುವುದು.
ಕಟ್ಟು ಇಲ್ಲದೆ, ಬುಟ್ಟಿ ಇಲ್ಲದೆ, ಯಾರ ಹೆಗಲೂ ಇಲ್ಲದೆ.
ಸುಮ್ಮನೆ.

ಬೇರೆ ಉದ್ಯೋಗ ಇಲ್ಲವಾ ನಿನಗೆ ಎಂದು
ನನ್ನ ಅಮ್ಮ ಬೈಯುತ್ತಿದ್ದದ್ದು ಇದಕ್ಕೇ ಅಲ್ಲವೆ?
ಏಳನೆಯ ಕಾಲಮಿನಲ್ಲಿ ಬೀಡಿ ಹೊಡೆದುಹಾಕಿ
ಸುಮ್ಮನೆ ಎಂದು ಬರೆದೆ.

ಆರು ವಾರ ಕಲಿತದ್ದು ಒಂದೇ ಹೆಜ್ಜೆ.
ದಕ್ಕೆಯ ಕಲ್ಲಿಗೂ ದೋಣಿಯ ಅಂಚಿಗೂ ನಡುವೆ
ಒಮ್ಮೆ ಗೇಣು, ಒಮ್ಮೆ ಮೊಳ, ಉಬ್ಬರ ಹೇಳಿದಷ್ಟು.
ಹಲಗೆಯಡಿ ಟಯರು ಇಟ್ಟು ನಾನು ಅಲುಗಿಸಿದೆ,
ಅವಳು ಬ್ಯಾರಿಯಲ್ಲಿ ಬೈದಳು,
ಅರ್ಧ ಅರ್ಥವಾಗದ್ದು ಒಳ್ಳೆಯದಾಯಿತು.

ಗುರುವಾರ, ಇಳಿತದ ಹೊತ್ತು, ಹತ್ತಿದಳು.
ಟಿಕೇಟಿನ ಚಿಲ್ಲರೆ ಅವಳದೇ.
ನಾನು ಎರಡು ಬೆಂಚು ಹಿಂದೆ, ಪರಿಚಯವಿಲ್ಲದವಳಂತೆ.
ಕಾಲಡಿಯಲ್ಲಿ ಮೀನಿನ ಐಸು ಕರಗಿದ ನೀರು,
ಅಳಿವೆಯ ಗಾಳಿಯಲ್ಲಿ ಡೀಸೆಲು.
ಅವಳು ಏನೂ ಮಾಡಲಿಲ್ಲ.
ಏನೂ ಮಾಡದಿರುವುದನ್ನು ಅಷ್ಟು ಶ್ರದ್ಧೆಯಿಂದ
ಯಾರೂ ಮಾಡಿದ್ದು ನಾನು ಕಂಡಿಲ್ಲ.

ನಡುಹೊಳೆಯಲ್ಲಿ ಕಂಡಿತು:
ಬಲಗೈಯ ಹೆಬ್ಬೆರಳು, ತೋರುಬೆರಳು
ತಮ್ಮಷ್ಟಕ್ಕೆ ಟಿಕೇಟನ್ನು ಸುತ್ತುತ್ತಿದ್ದವು,
ಒಂದು ತುದಿ ಸಪೂರ, ಒಂದು ತುದಿ ಅಗಲ,
ಅಗಲದ ಬಾಯಿಯನ್ನು ಉಗುರಿನಿಂದ ಒಳಗೆ ಮಡಚಿ.
ಆರು ವಾರ ನಾನು ಬೇಡಿದ್ದ ಚಲನೆ!
ಕೂಗಬೇಕೆನ್ನಿಸಿ ಎದ್ದು ನಿಂತೆ.

ಅವಳೂ ನೋಡಿದಳು ತನ್ನ ಕೈಯನ್ನು.
ಇನ್ನೊಂದು ಕೈಯಿಂದ ಟಿಕೇಟು ಕಸಿದುಕೊಂಡು
ಬಿಡಿಸಿ, ಮೊಣಕಾಲ ಮೇಲಿಟ್ಟು,
ಸುರುಳಿ ಹೋಗುವವರೆಗೆ ತೀಡಿದಳು, ತೀಡಿದಳು.
ಬೆಂಗ್ರೆ ಬಂತು. ಅವಳು ಇಳಿಯಲಿಲ್ಲ.